ತೆಳುಗೈ

ತಂತಿಯೊಳಗೆ ಹರಿಯುವುದು ಏನು ಎಂದು ಶಾಲೆಯ ಮಕ್ಕಳು ಕೇಳಿದರೆ ಈ ಊರಿನ ಕಥೆ ಹೇಳಬೇಕು. ಪುಸ್ತಕದಲ್ಲಿ ಒಂದು ಗೆರೆ ಎಳೆದು, ಗೆರೆಯ ಮೇಲೆ ಒಂದು ಬಾಣ ಬಿಡಿಸಿ ತೋರಿಸುತ್ತಾರೆ. ಬಾಣಕ್ಕೆ ಕೈ ಸುಡುವುದಿಲ್ಲ. ಈ ಊರಿನವರಿಗೆ ಸುಡುತ್ತಿತ್ತು.

ಆ ಊರಿಗೆ ಸೂರ್ಯ ಇರಲಿಲ್ಲ. ಯಾವಾಗ ಹೋದ, ಯಾಕೆ ಹೋದ ಎಂದು ಕೇಳುವವರೂ ಇರಲಿಲ್ಲ. ಇದ್ದದ್ದು ಕತ್ತಲು, ಕತ್ತಲಲ್ಲಿ ಒಂದು ದಿಬ್ಬ, ದಿಬ್ಬದ ಇಳಿಜಾರಿನಲ್ಲಿ ಒಂದು ದೊಡ್ಡಮನೆ. ಮನೆಯ ಮುಂಬಾಗಿಲು ದಿಬ್ಬದ ತುದಿಯಲ್ಲಿ, ಹಿಂಬಾಗಿಲು ದಿಬ್ಬದ ಬುಡದಲ್ಲಿ. ಮುಂಬಾಗಿಲಿನಿಂದ ಜನರ ಸಾಲೊಂದು ಹೊರಟು, ಮೊದಲ ಓಣಿ ಹಾದು, ನಡುವಿನ ಓಣಿಗಳನ್ನೆಲ್ಲ ಹಾದು, ಊರನ್ನೆಲ್ಲ ಬಳಸಿ, ಕೊನೆ ಓಣಿಯಿಂದ ಹಿಂಬಾಗಿಲಿಗೆ ಬಂದು ಸೇರುತ್ತಿತ್ತು. ಮನೆಯ ಒಳಗೆ, ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ, ಮೆಟ್ಟಿಲುಗಳಿದ್ದವು. ಅಲ್ಲಿ ಎತ್ತುವವರು ನಿಂತಿದ್ದರು. ಹೀಗಾಗಿ ಸಾಲಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಅದನ್ನು ಸುತ್ತು ಎನ್ನುತ್ತಿದ್ದರು. ಊರಿಗೆ ಇದ್ದದ್ದು ಒಂದೇ ಕಟ್ಟಳೆ: ಸುತ್ತು ಕಡಿಯಬಾರದು.

ಸುತ್ತಿನಲ್ಲಿ ನಿಂತ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಲ್ಲು. ಎಡಗಡೆಯವರಿಂದ ತೆಗೆದುಕೊಳ್ಳಬೇಕು, ಬಲಗಡೆಯವರಿಗೆ ಕೊಡಬೇಕು. ಕೊಟ್ಟ ಗಳಿಗೆಯಲ್ಲೇ ಇನ್ನೊಂದು ಬಂದು ಕೂರುತ್ತಿತ್ತು. ಕೈ ಎಂದೂ ಬರಿದಾಗುತ್ತಿರಲಿಲ್ಲ, ಒಂದು ಕೈಗೆ ಎರಡು ಕಲ್ಲೂ ಬರುತ್ತಿರಲಿಲ್ಲ. ಎತ್ತುವವರು ಕೆಳಗೆ ಬಂದ ಕಲ್ಲನ್ನು ಮೇಲಕ್ಕೆ ಎತ್ತಿ ಒತ್ತುತ್ತಿದ್ದರು. ಆ ಒತ್ತಡ ಕೈಯಿಂದ ಕೈಗೆ ಇಡೀ ಊರಿಗೆ ಹಾಯುತ್ತಿತ್ತು. ಪ್ರತಿ ಓಣಿಯಲ್ಲೂ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿ ಕಲ್ಲಿಗಿಂತ ಕೂದಲೆಳೆಯಷ್ಟೇ ಅಗಲ. ಈಚೆಯವನು ಕಲ್ಲನ್ನು ಅದರೊಳಗೆ ತುರುಕಿ ಒತ್ತಬೇಕು, ಆಚೆಯವನು ಹಿಡಿದು ಎಳೆದುಕೊಳ್ಳಬೇಕು. ಕಲ್ಲು ಉಜ್ಜಿ ಉಜ್ಜಿ ಕಿಂಡಿಯ ಬಾಯಿ ಕೆಂಪಗೆ ಕಾಯುತ್ತಿತ್ತು, ಕೆಂಪು ಹಳದಿಯಾಗುತ್ತಿತ್ತು. ಅದೇ ಓಣಿಯ ಬೆಳಕು. ಆ ಬೆಳಕಲ್ಲೇ ಅನ್ನ, ಆ ಬೆಳಕಲ್ಲೇ ಹೆರಿಗೆ, ಆ ಬೆಳಕಲ್ಲೇ ಹೆಣದ ಮುಖ ನೋಡುವುದು. ದೊಡ್ಡಮನೆಯ ಹಜಾರದಲ್ಲಂತೂ ಗೋಡೆಯ ತುಂಬ ಕಿಂಡಿಗಳು.

ದಾರಿ ಇಕ್ಕಟ್ಟಾದ್ದರಿಂದ ಕಲ್ಲಿನ ನಡಿಗೆ ಆಮೆಗಿಂತ ನಿಧಾನ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತಿತ್ತು. ಆದರೆ ಬೆಳಕು ಹಾಗಲ್ಲ. ದೊಡ್ಡಮನೆಗೆ ನಿದ್ದೆ ಬಂದಾಗ ಎತ್ತುವವರನ್ನು ನಿಲ್ಲಿಸುತ್ತಿದ್ದರು, ಊರಿಗೆ ಊರೇ ಒಮ್ಮೆಲೇ ಕತ್ತಲು. ದೊಡ್ಡಮನೆಗೆ ಎಚ್ಚರವಾದಾಗ ಎತ್ತುವವರು ಕೈ ಹಾಕುತ್ತಿದ್ದರು, ಊರಿಗೆ ಊರೇ ಒಮ್ಮೆಲೇ ಬೆಳಕು. ಮೊದಲ ಓಣಿಗೆ ಮೊದಲು, ಕೊನೆ ಓಣಿಗೆ ಆಮೇಲೆ ಎಂಬುದಿಲ್ಲ. ದೊಡ್ಡಮನೆ ನಿಲ್ಲಿಸಿದರೆ ಅದು ವಿಶ್ರಾಂತಿ. ಓಣಿಯವನು ನಿಲ್ಲಿಸಿದರೆ ಅದು ಪಾಪ.

ಇದನ್ನೆಲ್ಲ ಕಣ್ಣಾರೆ ಕಂಡೂ ಊರಿನವರು ನಂಬಿದ್ದು ಬೇರೆಯದನ್ನೇ. ದೊಡ್ಡಮನೆಯಲ್ಲಿ ಕಲ್ಲಿನ ಕಣಜ ಇದೆ, ಅಲ್ಲಿಂದ ಬೆಳಕು ತುಂಬಿದ ಕಲ್ಲು ಹೊರಡುತ್ತದೆ, ಓಣಿ ಓಣಿಯೂ ಅದರಲ್ಲಿ ಇಷ್ಟಿಷ್ಟು ತಿನ್ನುತ್ತದೆ, ಸವೆದ ಕಲ್ಲು ಹಿಂಬಾಗಿಲಿಗೆ ಹಿಂತಿರುಗುತ್ತದೆ ಎಂದು ನಂಬಿದ್ದರು. ಪ್ರತಿ ನಿದ್ದೆಯ ಕೊನೆಗೆ ಕೂಗುವವನು ಓಣಿಗೆ ಬಂದು ಕೂಗುತ್ತಿದ್ದ:

"ದೊಡ್ಡಮನೆ ಕೊಟ್ಟಿತು!"

"ನಾವು ತಿಂದೆವು!" ಎಂದು ಸಾಲು ಹೇಳುತ್ತಿತ್ತು.

"ಉಳಿದದ್ದು?"

"ಹಿಂದೆ ಕಳಿಸಿದೆವು. ತಪ್ಪು ಹೊಟ್ಟೆಗೆ ಹಾಕಿಕೊಳ್ಳಿ!"

ಹೀಗೆ ಹೇಳಿ ಹೇಳಿ, ಕೊನೆ ಓಣಿಯವರು ಮೊದಲ ಓಣಿಯವರನ್ನು ಹೊಟ್ಟೆಬಾಕರು ಎಂದು ಬೈಯುತ್ತಿದ್ದರು. ಮೊದಲ ಓಣಿಯವರು ಕೊನೆ ಓಣಿಯವರನ್ನು ಎಳೆದು ತಿನ್ನುವವರು ಎಂದು ಬೈಯುತ್ತಿದ್ದರು. ಒಬ್ಬರ ಕಿಂಡಿಯನ್ನು ಇನ್ನೊಬ್ಬರು ನೋಡಿರಲಿಲ್ಲ. ನೋಡಬೇಕಾದರೆ ಸುತ್ತು ಬಿಡಬೇಕು, ಸುತ್ತು ಬಿಡಬಾರದಲ್ಲ.

ಕೊನೆ ಓಣಿಯಲ್ಲಿ, ಹಿಂಬಾಗಿಲಿನ ಮಗ್ಗುಲಲ್ಲೇ, ಒಬ್ಬ ತಾಯಿ ನಿಲ್ಲುತ್ತಿದ್ದಳು. ಅವಳು ಮಲಗಿದಾಗ ಅದೇ ಜಾಗದಲ್ಲಿ ಅವಳ ಮಗಳು ನಿಲ್ಲುತ್ತಿದ್ದಳು. ಅವಳ ಎಡಕ್ಕೆ ಒಬ್ಬ ಮುದುಕ, ಸಂಬಂಧದಲ್ಲಿ ಏನೂ ಅಲ್ಲ, ಆದರೂ ಓಣಿಗೆಲ್ಲ ಮಾವ. ಬಲಕ್ಕೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ಒಬ್ಬ ಬಾಣಂತಿ. ತಾಯಿಯ ಅಂಗೈ ಎಮ್ಮೆಯ ಗೊರಸಿನಷ್ಟು ಗಟ್ಟಿ. ಹುಟ್ಟುವಾಗ ಹಾಗಿರಲಿಲ್ಲ, ಕಲ್ಲು ಹಾಗೆ ಮಾಡಿತ್ತು.

ತಾಯಿ ಚಿಕ್ಕವಳಿದ್ದಾಗ ಅವಳ ಅವ್ವನನ್ನು ಮುಂಬಾಗಿಲಿಗೆ ಕರೆದುಕೊಂಡು ಹೋಗಿದ್ದರು. ಮುಂಬಾಗಿಲ ಹೊಸಿಲ ಮೇಲೆ, ಮನೆಗೂ ಮೊದಲ ಓಣಿಗೂ ನಡುವೆ, ಒಬ್ಬಳು ನಿಲ್ಲಬೇಕು. ಅವಳ ಹೆಸರು ತೆಳುಗೈ. ಊರಿನಲ್ಲೆಲ್ಲ ಅತಿ ತೆಳ್ಳಗಿನ ಕೈ ಅವಳದಾಗಿರಬೇಕು. ಕಲ್ಲು ಎಂದಾದರೂ ಹುಚ್ಚೆದ್ದು ಓಡಿದರೆ ಎಲ್ಲರಿಗಿಂತ ಮೊದಲು ಸುಡುವುದು ಆ ಕೈ. ಅದು ಸುಟ್ಟು ಬಿದ್ದರೆ ಅಲ್ಲಿಗೆ ಸುತ್ತು ಕಡಿಯುತ್ತದೆ, ಕಲ್ಲು ನಿಲ್ಲುತ್ತದೆ, ದೊಡ್ಡಮನೆ ಉಳಿಯುತ್ತದೆ. ಆ ಒಂದು ಕಡಿತ ಮಾತ್ರ ಪಾಪವಲ್ಲ, ಪುಣ್ಯ. ಇಂಥ ಪುಣ್ಯ ದೊಡ್ಡಮನೆಯ ಹೆಣ್ಣುಮಕ್ಕಳಿಗೆ ಒಮ್ಮೆಯೂ ಬೇಕೆನಿಸಲಿಲ್ಲ. ತೆಳುಗೈ ಯಾವಾಗಲೂ ಕೊನೆ ಓಣಿಯಿಂದಲೇ ಹೋಗುತ್ತಿತ್ತು.

ಹೊರಡುವಾಗ ಅವ್ವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ಮುಂಗೈಯ ಹಚ್ಚೆ ತೋರಿಸಿದ್ದಳು. ಅರ್ಧಚಂದ್ರ, ಅದರೊಳಗೆ ಒಂದು ಚುಕ್ಕಿ. "ಇದನ್ನ ಮೂಗುಬೊಟ್ಟಿನ ಮೊನೆಯಿಂದ ಒಂದು ಕಲ್ಲಿನ ಮೇಲೆ ಕೆತ್ತಿ ಕಳಿಸ್ತೀನಿ ಮಗ. ನಿನ್ನ ಕೈಗೆ ಬಂದೇ ಬರ್ತದೆ. ಬಂದಾಗ ನಾನು ನಿನ್ನ ನೆನೆಸ್ಕೊಂಡೆ ಅಂತ ತಿಳ್ಕೊ."

ಅದಾದ ಮೇಲೆ ದೊಡ್ಡಬೆಳಕು ಬಂತು, ಅವ್ವ ಸುಟ್ಟುಹೋದಳು. ಕಲ್ಲು ಬರಲಿಲ್ಲ. ಮಗು ಪ್ರತಿ ಕಲ್ಲನ್ನೂ ಹೆಬ್ಬೆರಳಿನಿಂದ ಸವರಿ ನೋಡಿತು. ದೊಡ್ಡವಳಾಗಿ ಮದುವೆಯಾಗಿ ಬಸಿರಾಗಿ ಹೆತ್ತ ಮೇಲೂ ಸವರಿ ನೋಡಿದಳು. ಎಲ್ಲ ನುಣುಪು. ಮೇಲಿನ ಓಣಿಯವರು ಅವ್ವನ ಕಲ್ಲನ್ನು ತಿಂದು ಸವೆಸಿಬಿಟ್ಟರು ಎಂದು ಅವಳು ಹಲ್ಲು ಕಚ್ಚಿದಳು. ಅವಳ ಬದುಕಿನ ದ್ವೇಷವೆಲ್ಲ ಮೇಲಿನ ಓಣಿಗಳ ಮೇಲೆ. ದೊಡ್ಡಮನೆಯ ಮೇಲೆ ಒಂದು ಹನಿಯೂ ಅಲ್ಲ. ಈ ತಪ್ಪನ್ನು ಆ ಊರಿನವರು ಮಾತ್ರ ಮಾಡಬಲ್ಲರು ಎಂದುಕೊಳ್ಳುವವರು ತಮ್ಮ ಊರಿನ ಕಡೆ ಒಮ್ಮೆ ತಿರುಗಿ ನೋಡಲಿ.

ದೊಡ್ಡಬೆಳಕು ಎಂದರೆ ದೊಡ್ಡಮನೆಯ ಹಬ್ಬ. ಅಂದು ಓಣಿಯವರು ಉಪವಾಸ. ಕಿಂಡಿಗೆ ಕಲ್ಲು ಹಾಕುವಂತಿಲ್ಲ, ಗೋಡೆಯ ಬದಿಯಿಂದ ನೇರವಾಗಿ ಕೈಗೆ ಕೈ ದಾಟಿಸಬೇಕು. ಓಣಿಗಳೆಲ್ಲ ಕತ್ತಲು, ಹಜಾರದ ಕಿಂಡಿಗಳು ಮಾತ್ರ ಕಣ್ಣು ಕುಕ್ಕುವಂತೆ ಉರಿಯುತ್ತಿದ್ದವು. "ನೋಡಿದಿರಾ, ನೀವು ತಿನ್ನದಿದ್ದರೆ ಎಷ್ಟು ಬೆಳಕು!" ಎಂದು ಕೂಗುವವನು ಕೂಗುತ್ತಿದ್ದ. ಜನ ತಲೆ ತಗ್ಗಿಸುತ್ತಿದ್ದರು.

ತಾಯಿಯ ಮಗಳು ಮೈನೆರೆದ ಹೊಸತರಲ್ಲೇ ಇನ್ನೊಂದು ದೊಡ್ಡಬೆಳಕು ಸಾರಿದರು. ಕೂಗುವವನು ಹಸಿರು ಗಾಜಿನ ಅಳತೆ ಬಳೆ ಹಿಡಿದು ಕೊನೆ ಓಣಿಗೆ ಬಂದ. ಯಾರ ಕೈ ಆ ಬಳೆಯೊಳಗೆ ನುಸುಳುತ್ತದೋ ಅವಳು ತೆಳುಗೈ.

ತಾಯಿ ಸುಮ್ಮನೆ ಕೂತಿರಲಿಲ್ಲ. ಸಾರಿದ ದಿನದಿಂದ ಮಗಳ ಕೈಗೆ ತುರಚಿ ಸೊಪ್ಪು ತಿಕ್ಕಿದ್ದಳು. ಹುಡುಗಿ ಉರಿ ತಾಳಲಾರದೆ ಅತ್ತರೂ ಬಿಟ್ಟಿರಲಿಲ್ಲ. ಕೈ ಬಾತುಕೊಂಡಿತ್ತು.

"ಏನವ್ವ, ಮಗಳ ಕೈ ಹಲಸಿನ ಹಣ್ಣಾಗಿದೆ?" ಎಂದು ಕೂಗುವವನು ನಕ್ಕ.

"ಹುಟ್ಟಿದಾಗಿಂದ ಹಂಗೇ ಬುದ್ಧಿ."

"ಹೋದ ಸಲ ನೋಡಿದಾಗ ನುಗ್ಗೇಕಾಯಿ ಇತ್ತಲ್ಲ." ಅವನು ಸೊಂಟದಿಂದ ಹರಳೆಣ್ಣೆಯ ಗಿಂಡಿ ತೆಗೆದ. "ಇಂಥ ಹಣ್ಣು ಬಹಳ ನೋಡಿದೀನಿ ನಾನು."

ಎಣ್ಣೆ ಸುರಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಬಳೆಗಾರನ ಹಾಗೆ ಒತ್ತಿ ಒತ್ತಿ ತಿರುಗಿಸಿದ. ಹುಡುಗಿ ಕಿರುಚಿದಳು. ಹಾವು ಹುತ್ತಕ್ಕೆ ಇಳಿದ ಹಾಗೆ ಬಳೆ ಇಳಿಯಿತು.

ತಾಯಿ ಅವನ ಕಾಲಿಗೆ ಬಿದ್ದಳು. "ನನ್ನವ್ವನ್ನ ಕೊಟ್ಟಿದೀನಿ ಬುದ್ಧಿ. ಒಂದೇ ಮನೆಯಿಂದ ಎಷ್ಟು ಸಲ?"

"ತೆಳ್ಳಗೆ ಹುಟ್ಟೋದು ನಿಮ್ಮ ವಂಶದ ಚಾಳಿ. ದೊಡ್ಡಮನೆ ಏನು ಮಾಡ್ತದೆ ಅದಕ್ಕೆ?"

ತಾಯಿಯ ಜಾಗದಲ್ಲಿ ತನ್ನ ಆಳನ್ನು ನಿಲ್ಲಿಸಿ, ಅವಳೇ ಮಗಳನ್ನು ಹೊತ್ತು ತರಬೇಕೆಂದ. ಅದೂ ಕಟ್ಟಳೆ. ಹಿಂಬಾಗಿಲಿನ ಮೂಲಕ ಹೋದರೆ ಹೊಸಿಲು ಹತ್ತಿರ, ಆದರೆ ಆ ದಾರಿ ಓಣಿಯವರಿಗಲ್ಲ. ಊರನ್ನೆಲ್ಲ ಸುತ್ತಿಕೊಂಡು, ಓಣಿ ಓಣಿಯಲ್ಲೂ ತೋರಿಸುತ್ತ ಒಯ್ಯಬೇಕು. ಹಾಗೆ ಒಯ್ಯುವಾಗ ತಾಯಿ ಹುಟ್ಟಿದಾಗಿನಿಂದ ಮೊದಲ ಸಲ ಬೇರೆ ಓಣಿಗಳ ಕಿಂಡಿ ನೋಡಿದಳು. ನಡು ಓಣಿಯ ಕಿಂಡಿ ತನ್ನ ಓಣಿಯದರಷ್ಟೇ ಹಳದಿ. ಅದರ ಮೇಲಿನದೂ ಅಷ್ಟೇ. ಮೊದಲ ಓಣಿಗೆ ಬಂದಾಗ, ಹೊಟ್ಟೆಬಾಕರ ಬೆಳಕು ಕಣ್ಣು ಚುಚ್ಚುತ್ತದೆ ಎಂದು ಅವಳು ಕಣ್ಣು ಕಿರಿದು ಮಾಡಿಕೊಂಡಳು. ಅಲ್ಲಿಯೂ ಅದೇ ಬಡ ಹಳದಿ.

ಮೊದಲ ಓಣಿಯ ತುದಿಯ ಹೆಂಗಸು ಅವಳನ್ನು ನೋಡಿ ಮೂತಿ ತಿರುವಿದಳು. "ಕೊನೆ ಓಣಿಯೋರಾ? ನೋಡ್ಕೊಳ್ರಿ, ನಮ್ಮ ಕಿಂಡಿ ಹೆಂಗೆ ಮಂಕು ಹಿಡಿದಿದೆ. ನೀವು ಅಲ್ಲಿಂದ ಎಳೆಯೋ ರಭಸಕ್ಕೆ ಇಲ್ಲಿ ಏನೂ ನಿಲ್ಲಲ್ಲ."

"ನಾವಾ? ನೀವು ತಿಂದು ಬಿಟ್ಟ ಎಂಜಲು ತಾನೇ ನಮಗೆ ಬರೋದು?"

"ಎಂಜಲಂತೆ! ಎಂಜಲು ತಿಂದೋಳ ಕೈ ನೋಡು, ಒನಕೆ ಇದ್ದಂಗಿದೆ."

ತಾಯಿಗೆ ತಿರುಗಿ ಬೈಯಲು ಬಾಯಿಗೆ ಬಂದಿತ್ತು. ಆದರೆ ಕಣ್ಣು ಆ ಕಿಂಡಿಯ ಮೇಲೆಯೇ ಇತ್ತು. ಇಲ್ಲಿ ಇಷ್ಟೇ ಇದ್ದರೆ, ಅಲ್ಲೂ ಇಷ್ಟೇ ಇದ್ದರೆ, ತಿಂದವರು ಯಾರು? ಆ ಪ್ರಶ್ನೆಯನ್ನು ಹೊತ್ತೇ ಅವಳು ಹೊಸಿಲಿಗೆ ನಡೆದಳು.

ಹೊಸಿಲ ಕಲ್ಲಿನ ಮೇಲೆ ಮಸಿ ಹಿಡಿದ ಎರಡು ಹೆಜ್ಜೆಯ ಗುರುತಿತ್ತು. ಅವ್ವನದಿರಬಹುದು, ಅವ್ವನಿಗಿಂತ ಮೊದಲಿನವಳದಿರಬಹುದು. ಮಗಳನ್ನು ಅದರ ಮೇಲೆಯೇ ನಿಲ್ಲಿಸಿದರು.

"ಉರಿ ಬಂದ್ರೆ ಏನು ಮಾಡ್ಲಿ?" ಮಗಳು ಕೇಳಿದಳು.

"ನೀನೇನೂ ಮಾಡ್ಬೇಡ," ಎಂದ ಕೂಗುವವನು. "ಕೈಯೇ ಮಾಡ್ತದೆ."

"ಅವ್ವಾ, ಅಜ್ಜಿ ಹಂಗೆ ನಾನೂ ಕಲ್ಲಿನ ಮೇಲೆ ಗೀಚಿ ಕಳಿಸ್ಲಾ?"

"ಬೇಡ ಮಗ," ಎಂದಳು ತಾಯಿ. "ಬರಲ್ಲ ಅದು. ದಾರೀಲಿ ತಿಂದ್ಬಿಡ್ತಾರೆ."

ಕೊನೆ ಓಣಿಗೆ ಮರಳಿದ ಮೇಲೆ ಅವಳಿಗೆ ಮಲಗಲು ಆಗಲಿಲ್ಲ. ಅವಳು ಮಲಗಿದರೆ ನಿಲ್ಲುವವರು ಇಲ್ಲ. ನಿಂತೇ ತೂಗಿದಳು, ತೂಗುತ್ತಲೇ ಕಲ್ಲು ತೆಗೆದುಕೊಂಡಳು, ಕೊಟ್ಟಳು. ದೊಡ್ಡಬೆಳಕಿಗೆ ಒಂದೇ ನಿದ್ದೆ ಉಳಿದಾಗ ಮಾವ ಎಂದಿನ ಹಾಗೆ ಒಂದು ಕಲ್ಲನ್ನು ಅವಳ ಕೈಗಿಟ್ಟ. ಅವಳ ಹೆಬ್ಬೆರಳು ಎಂದಿನ ಹಾಗೆ ಅದನ್ನು ಸವರಿತು. ನಿಂತುಬಿಟ್ಟಿತು.

ಅರ್ಧಚಂದ್ರ. ಒಳಗೆ ಒಂದು ಚುಕ್ಕಿ.

ಅವಳು ಇನ್ನೊಮ್ಮೆ ಸವರಿದಳು. ಕಿಂಡಿಯ ಬೆಳಕಿಗೆ ಹಿಡಿದು ನೋಡಿದಳು. ಕೆತ್ತಿದ ಅಂಚು ಉಗುರಿಗೆ ತಾಗುವಷ್ಟು ಹರಿತವಾಗಿತ್ತು. ಊರಿನ ಎಲ್ಲ ಓಣಿ, ಎಲ್ಲ ಕಿಂಡಿ, ಎಲ್ಲ ಕೈ ಹಾದು ಬಂದಿತ್ತು. ಅವಳು ಮಗುವಾಗಿದ್ದಾಗ ಹೊರಟದ್ದು ಅವಳ ತಲೆ ನರೆತ ಮೇಲೆ ಬಂದಿತ್ತು. ಬೆಳಕು ಎವೆ ಬಡಿಯುವಷ್ಟರಲ್ಲಿ ಬರುತ್ತದೆ, ಕಲ್ಲು ತಲೆಮಾರಿನಲ್ಲಿ ಬರುತ್ತದೆ. ಒಂದು ಚೂರೂ ಸವೆದಿರಲಿಲ್ಲ.

"ಮಾವ," ಎಂದಳು. ಕಲ್ಲನ್ನು ಅವನ ಕಡೆ ಚಾಚಿದಳು. "ಮಾವ, ಇದನ್ನ ಮುಟ್ಟಿ ನೋಡಿ. ನನ್ನವ್ವನ ಕಲ್ಲು."

ಮುದುಕ ಬೆರಳಿಟ್ಟು ನೋಡಿದ. ಅವನೂ ಆ ಹಚ್ಚೆ ಕಂಡಿದ್ದವನೇ. "ಬಂತಾ," ಎಂದ ಅಷ್ಟೇ.

"ತೂಕ ನೋಡಿ ಮಾವ. ಅಂಚು ನೋಡಿ. ಯಾರು ತಿಂದಿದ್ದಾರೆ ಇದನ್ನ? ಮೊದಲ ಓಣಿ ತಿಂದಿಲ್ಲ. ನಾವು ತಿಂದಿಲ್ಲ. ಹೊರಟಷ್ಟೇ ಬಂದಿದೆ, ಬಂದಷ್ಟೇ ಹಿಂಬಾಗಿಲಿಗೆ ಹೋಗ್ತದೆ. ಬೆಳಕು ಕಲ್ಲಿನೊಳಗಿಲ್ಲ ಮಾವ, ಅವರು ಎತ್ತಿದ್ದರಲ್ಲಿದೆ, ನಾವು ಒತ್ತಿದ್ದರಲ್ಲಿದೆ. ತಪ್ಪು ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಇಷ್ಟು ದಿನ ಯಾವ ತಪ್ಪಿಗೆ ಬೇಡಿದ್ವಿ ನಾವು?"

"ಮೆಲ್ಲಗೆ ಕಣವ್ವ."

"ದೊಡ್ಡಬೆಳಕಿನ ದಿನ ಏನು ಮಾಡ್ತಾರೆ ಗೊತ್ತಾಯ್ತಾ? ನಮ್ಮ ಕಿಂಡಿ ತಪ್ಪಿಸಿದ್ರೆ ಕಲ್ಲಿಗೆ ತಡೆ ಇಲ್ಲ. ತಡೆ ಇಲ್ದಿದ್ರೆ ಓಡ್ತದೆ. ಓಡಿದ್ರೆ ಅವರ ಹಜಾರ ಬೆಳಗ್ತದೆ, ನನ್ನ ಮಗಳ ಕೈ ಸುಡ್ತದೆ. ಉಪವಾಸ ಅಲ್ಲ ಮಾವ ಅದು, ಕೊಲೆ. ನಮ್ಮ ಕೈಲೇ ಮಾಡಿಸ್ತಾರೆ."

"ಇರಬಹುದು," ಎಂದ ಮುದುಕ. "ಆದ್ರೆ ಕಲ್ಲು ಕೊಡೋರು ಅವರೇ ಅಲ್ವಾ? ಕಣಜ ಅವರದು."

ಬಾಣಂತಿ ಬಲಗಡೆಯಿಂದ ತಲೆ ಹಾಕಿದಳು. "ಅಕ್ಕಾ, ದಮ್ಮಯ್ಯ, ಜಗಳ ತೆಗೀಬೇಡ. ಬೆಳಕು ಹೋದ್ರೆ ಕೂಸು ಉಸಿರು ಕಟ್ಟಿ ಅಳ್ತದೆ."

ಕೂಗುವವನು ಬಂದ. "ದೊಡ್ಡಮನೆ ಕೊಟ್ಟಿತು!" ಎಂದ.

"ಕೊಟ್ಟಿಲ್ಲ!" ಎಂದು ತಾಯಿ ಕಿರುಚಿದಳು. ಆದರೆ ಓಣಿಯೆಲ್ಲ ಒಂದೇ ಬಾಯಲ್ಲಿ "ನಾವು ತಿಂದೆವು" ಎಂದಿತ್ತು, ಅವಳ ಮಾತು ಅದರಡಿ ಸಿಕ್ಕಿ ಸತ್ತುಹೋಯಿತು.

ದೊಡ್ಡಬೆಳಕು ಶುರುವಾಯಿತು. ಓಣಿಗಳಲ್ಲಿ ಜನ ಕಿಂಡಿ ಬಿಟ್ಟು ಗೋಡೆಯ ಬದಿಗೆ ಸರಿದರು. ಒಂದೊಂದೇ ಓಣಿ ತಪ್ಪಿದಂತೆ ಕಲ್ಲಿನ ನಡಿಗೆ ಬಿರುಸಾಯಿತು. ತಾಯಿಯ ಕೈಯಿಂದ ಅವ್ವನ ಕಲ್ಲು ಹೊರಡಲು ಒತ್ತಿಕೊಂಡು ಬಂತು. ಅವಳು ಅದನ್ನು ಬಿಗಿ ಹಿಡಿದು ಮಾವನ ಕಲ್ಲನ್ನು ಇನ್ನೊಂದು ಕೈಯಿಂದ ದಾಟಿಸಿದಳು, ಅದರ ಹಿಂದೆಯೇ ಇನ್ನೊಂದು, ಅದರ ಹಿಂದೆಯೇ ಮತ್ತೊಂದು. ನಿದ್ದೆಯಷ್ಟು ಹೊತ್ತು ಹಿಡಿಯುತ್ತಿದ್ದದ್ದು ಉಸಿರಿಗೊಂದಾಯಿತು, ಎವೆ ಬಡಿತಕ್ಕೊಂದಾಯಿತು. ಗೊರಸಿನಂಥ ಅವಳ ಅಂಗೈಯೂ ಬಿಸಿಯಾಯಿತು. ಆಗ ಅವಳಿಗೆ ಹೊಳೆಯಿತು. ಸುತ್ತಿನಲ್ಲಿ ಎಲ್ಲ ಕಡೆಯೂ ಓಟ ಒಂದೇ. ಇಲ್ಲಿ ತನ್ನ ಕೈಯಲ್ಲಿ ಎಷ್ಟು ಓಡುತ್ತಿದೆಯೋ ಅಲ್ಲಿ ಮಗಳ ಕೈಯಲ್ಲೂ ಅಷ್ಟೇ ಓಡುತ್ತಿದೆ. ಇದು ತನಗೆ ಬಿಸಿ. ಆ ಕಡ್ಡಿಯಂಥ ಕೈಗೆ ಬೆಂಕಿ.

ತಾನು ಕೊಡುವ ಪ್ರತಿ ಕಲ್ಲೂ ಮಗಳನ್ನು ಸುಡುತ್ತಿದೆ.

ಅವಳು ಕೈ ಬಿಟ್ಟಳು.

ಒಂದೇ ಕೈ. ಅಷ್ಟು ಸಾಕಾಯಿತು. ಕೊನೆ ಓಣಿಯಲ್ಲಿ ಬಿಟ್ಟ ಕೈಗೆ ಮೊದಲ ಓಣಿಯ ಕಲ್ಲು ನಿಂತಿತು, ಹಜಾರದ ಕಿಂಡಿಗಳು ಆರಿದವು, ದೊಡ್ಡಮನೆ ಕಪ್ಪಾಯಿತು. ಓಣಿಯವರು ಬೇಕೆಂದೇ ತಂದ ಕತ್ತಲನ್ನು ಊರು ಎಂದೂ ಕಂಡಿರಲಿಲ್ಲ. ಯಾರೋ ಚೀರಿದರು. ತಾಯಿ ಅವ್ವನ ಕಲ್ಲನ್ನು ಮಡಿಲಿಗೆ ಕಟ್ಟಿಕೊಂಡು ಹಿಂಬಾಗಿಲಿಗೆ ನುಗ್ಗಿದಳು. ಬೆನ್ನ ಹಿಂದೆ ಬಾಣಂತಿಯ ಅಳು ಕೇಳಿಸಿತು: "ಮಾವ, ಕೈ ಚಾಚಿ, ಕೂಸು ನೀಲಿಗಟ್ಟುತ್ತೆ!" ಮುದುಕನ ದನಿ: "ತಡಿ, ಅವಳು ಬರ್ಲಿ, ತಡಿ." ಆಮೇಲೆ ಕೂಗುವವನ ಗದರಿಕೆ. ಆಮೇಲೆ ಏನೂ ಕೇಳಲಿಲ್ಲ.

ಒಳಗೆ ಮೆಟ್ಟಿಲು. ಬೆವರಿನ ನಾತ. ಕೈಗೆ ಒಂದು ಬೆನ್ನು ಸಿಕ್ಕಿತು, ಅದರ ಮೇಲೆ ಇನ್ನೊಂದು ಬೆನ್ನು. ಎಲುಬಿನ ಮೇಲೆ ಚರ್ಮ, ಅಷ್ಟೇ.

"ಯಾರದು?" ಎಂದಿತು ಒಂದು ದನಿ. "ಭಾರ ಮುಂದಕ್ಕೇ ಹೋಗ್ತಿಲ್ಲ. ಬೆಳಕು ಹೋಯ್ತಾ ಹೊರಗೆ?"

"ನಿಮಗೆ ಗೊತ್ತಾಗಲ್ವಾ?"

"ಇಲ್ಲಿ ಕಿಂಡಿ ಎಲ್ಲಿದೆ ತಾಯಿ. ಎತ್ತೋರಿಗೆ ಬೆಳಕು ಯಾಕೆ ಅಂತಾರೆ."

"ಕಣಜ ಎಲ್ಲಿ? ಕಲ್ಲಿನ ಕಣಜ?"

"ಯಾವ ಕಣಜ? ಕೆಳಗಿಂದ ನೀವು ಕೊಟ್ಟದ್ದನ್ನ ಮೇಲಕ್ಕೆ ಎತ್ತಿ ಕೊಡ್ತೀವಿ. ನೀವು ಕೊಡದಿದ್ರೆ ನಾವು ಕೊಡೋದೇನು?"

ಅವಳು ಗೋಡೆ ತಡವಿದಳು, ಮೂಲೆ ತಡವಿದಳು, ಕೈಗೆ ಸಿಕ್ಕಿದ ಒಂದು ಬಾಗಿಲನ್ನು ತಳ್ಳಿ ನೆಲವೆಲ್ಲ ತಡವಿದಳು. ಜೇಡರ ಬಲೆ, ಧೂಳು. ಒಂದೇ ಒಂದು ಕಲ್ಲಿರಲಿಲ್ಲ. ಊರಿನ ಕಲ್ಲೆಲ್ಲ ಊರಿನ ಕೈಗಳಲ್ಲೇ ಇತ್ತು. ಮೊದಲಿನಿಂದಲೂ ಅಲ್ಲೇ ಇತ್ತು.

ಅವಳು ಆ ಬೆನ್ನುಗಳ ಮೇಲೆಯೇ ಕೈಯೂರಿ ಹತ್ತಿದಳು. ಹಜಾರದಲ್ಲಿ ರೇಷ್ಮೆಯ ಸರಬರ, ಒಡೆದ ಪಾತ್ರೆ, "ಯಾರು ಕಡಿದದ್ದು? ಬೆಳಕು! ಬೆಳಕು!" ಎಂಬ ಕೂಗು. ಅವರನ್ನು ತಳ್ಳಿಕೊಂಡು ಹೊಸಿಲಿಗೆ ಬಂದಳು. ಸುಟ್ಟ ಚರ್ಮದ ವಾಸನೆಯಿಂದಲೇ ಮಗಳು ಸಿಕ್ಕಿದಳು. ಇನ್ನೂ ನಿಂತಿದ್ದಳು.

"ಅವ್ವಾ? ಸುತ್ತು ಕಡಿದದ್ದು ನೀನಾ?"

"ನಾನೇ. ಈಚೆ ಬಾ."

ಅವಳು ಮಗಳನ್ನು ಹೊಸಿಲಿನಿಂದ ಎಳೆದು ಅಂಗಳಕ್ಕೆ ತಳ್ಳಿದಳು. ಮಗಳ ಜೊತೆ ಓಡಿಹೋಗಬೇಕೆಂದೇ ಬಂದಿದ್ದಳು. ಆದರೆ ಎಲ್ಲಿಗೆ? ಕತ್ತಲಿಗೆ ಎಲ್ಲೆ ಎಲ್ಲಿದೆ? ನಾಳೆ ಮತ್ತೆ ಹರಳೆಣ್ಣೆ, ಮತ್ತೆ ಬಳೆ, ಮತ್ತೆ ಕೊನೆ ಓಣಿಯ ಒಬ್ಬಳು. ಬಾಣಂತಿಯ ಬೆನ್ನ ಮೇಲಿದ್ದ ಕೂಸೂ ಹೆಣ್ಣೇ. ಅವಳು ಮಸಿಯ ಹೆಜ್ಜೆಗಳ ಮೇಲೆ ತನ್ನ ಕಾಲಿಟ್ಟಳು. ಎಡಗೈಯನ್ನು ಹಜಾರದ ಕಡೆಗೆ ಚಾಚಿದಳು, ಬಲಗೈಯನ್ನು ಮೊದಲ ಓಣಿಯ ಹೆಂಗಸಿನ ಕಡೆಗೆ ಚಾಚಿದಳು. ಕತ್ತಲಲ್ಲಿ ಯಾರಿಗೂ ಗೊತ್ತಾಗಲಿಲ್ಲ. ತೆಳುಗೈಯ ಜಾಗದಲ್ಲಿ ಊರಿನಲ್ಲೆಲ್ಲ ಅತಿ ಗಟ್ಟಿಯಾದ ಕೈ ಬಂದು ನಿಂತಿತು.

ಎಡಗೈಗೆ ಕಲ್ಲು ಬಂತು.

ಮಾವ ಕೈ ಚಾಚಿದ ಎಂದು ಅವಳಿಗೆ ಅಲ್ಲೇ ತಿಳಿಯಿತು. ಕೆಳಗೆ, ದಿಬ್ಬದ ಬುಡದಲ್ಲಿ, ಮುದುಕನೂ ಬಾಣಂತಿಯೂ ಅವಳ ಜಾಗದ ಮೇಲೆ ಕೈ ಸೇರಿಸಿದ್ದರು. ಅವಳಿಗೆ ಸಿಟ್ಟು ಬರಲಿಲ್ಲ. ಕಣ್ಣೀರು ಬಂತು.

ಕಲ್ಲು ಓಡಿತು. ಹಜಾರದ ಕಿಂಡಿಗಳು ಹಳದಿಯಾದವು, ಬೆಳ್ಳಗಾದವು. ದೊಡ್ಡಮನೆಯವರು ಚಪ್ಪಾಳೆ ತಟ್ಟಿದರು. ಅವಳ ಅಂಗೈಯಿಂದ ಹೊಗೆ ಎದ್ದಿತು. ಇಷ್ಟು ಹೊತ್ತಿಗೆ ತೆಳುಗೈ ಕರಗಬೇಕಿತ್ತು, ಸುತ್ತು ಕಡಿಯಬೇಕಿತ್ತು. ಕಡಿಯಲಿಲ್ಲ. ಚಪ್ಪಾಳೆ ನಿಂತಿತು.

"ಅವ್ವಾ, ಬಿಡು! ನಾನು ಹೊರಗಿದೀನಿ, ಕೈ ಬಿಡು!"

"ಬಿಟ್ರೆ ಮತ್ತೆ ಬಳೆ ತರ್ತಾರೆ ಮಗ."

"ಬಿಡವ್ವಾ!"

"ಎತ್ತೋರೆ!" ಎಂದು ಅವಳು ಒಳಕ್ಕೆ ಕೂಗಿದಳು. "ಮನೆ ಹತ್ತಿಕೊಳ್ತದೆ, ಹಿಂದಿನ ಬಾಗಿಲಿಂದ ಹೊರಗೆ ಹೋಗ್ರಪ್ಪಾ!"

ಎಲ್ಲಿ ದಾರಿ ಅತಿ ಇಕ್ಕಟ್ಟೋ ಅಲ್ಲೇ ಕಾವು ಹೆಚ್ಚು. ಓಣಿಗಳ ಕಿಂಡಿ ತಪ್ಪಿಸಿ ಊರಿನ ಇಕ್ಕಟ್ಟನ್ನೆಲ್ಲ ತಮ್ಮ ಹಜಾರದಲ್ಲೇ ಉಳಿಸಿಕೊಂಡವರು ದೊಡ್ಡಮನೆಯವರು. ಕಿಂಡಿಯ ಚೌಕಟ್ಟು ಹೊತ್ತಿತು, ಚೌಕಟ್ಟಿನಿಂದ ತೊಲೆಗೆ, ತೊಲೆಯಿಂದ ಸೂರಿಗೆ. ರೇಷ್ಮೆಯವರು ಅವಳ ಪಕ್ಕದಿಂದಲೇ ನುಗ್ಗಿ ಹೊರಗೋಡಿದರು. ಒಬ್ಬರೂ ಅವಳ ಕೈ ಬಿಡಿಸಲಿಲ್ಲ, ಯಾಕೆಂದರೆ ಹೊಸಿಲ ಮೇಲೆ ನಿಂತವಳನ್ನು ಮುಟ್ಟುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೆಳಗೆ ಎತ್ತುವವರು ಹೊಗೆ ತಾಳಲಾರದೆ ಕೈ ಬಿಟ್ಟು ದಿಬ್ಬದಾಚೆಯ ಹಳ್ಳಕ್ಕೆ ಓಡಿದರು. ಅಲ್ಲಿಗೆ ಕಲ್ಲು ನಿಂತಿತು, ಎಲ್ಲ ಕೈಗಳಲ್ಲೂ ಒಟ್ಟಿಗೆ.

ದೊಡ್ಡಮನೆ ಉರಿಯುವಷ್ಟು ಹೊತ್ತು ಊರಿಗೆ ಬೆಳಕಿತ್ತು. ಆಮೇಲೆ ಅದೂ ಆರಿತು.

ಜನ ತಡವುತ್ತ ದಿಬ್ಬ ಹತ್ತಿ ಬಂದರು. ತಾಯಿ ಹೊಸಿಲ ಮೇಲೆ ಕುಸಿದು ಕೂತಿದ್ದಳು. ಮುಷ್ಟಿ ಬಿಗಿದಿತ್ತು, ಉಸಿರಿರಲಿಲ್ಲ. ಮಗಳು ಸುಡದ ಕೈಯಿಂದ ಅವಳ ಮಡಿಲು ಬಿಚ್ಚಿ ಅಜ್ಜಿಯ ಕಲ್ಲನ್ನು ತೆಗೆದಳು.

"ಇನ್ನು ನಮಗೆ ಕಲ್ಲು ಯಾರು ಕೊಡ್ತಾರೆ?" ಎಂದು ಕತ್ತಲಲ್ಲಿ ಯಾರೋ ಅತ್ತರು. ಕೇಳಿದವನ ಕೈಯಲ್ಲಿ ಒಂದು ಕಲ್ಲಿತ್ತು. ಹೌದು ಹೌದು ಎಂದವರೆಲ್ಲರ ಕೈಯಲ್ಲೂ ಒಂದೊಂದು ಕಲ್ಲಿತ್ತು.

ಮಗಳು ಮುದುಕನನ್ನು ದನಿಯಿಂದ ಗುರುತಿಸಿ, ಅವನ ಬರಿದಾಗಿದ್ದ ಇನ್ನೊಂದು ಕೈಯಲ್ಲಿ ಅಜ್ಜಿಯ ಕಲ್ಲನ್ನು ಇಟ್ಟಳು. "ಮನೇಲಿ ಕಣಜ ಇರಲಿಲ್ಲವಂತೆ ಮಾವ. ಎತ್ತೋರು ಓಡೋವಾಗ ಕೂಗಿ ಹೇಳಿದ್ರು."

ಮುದುಕನ ಒಂದು ಕೈಯಲ್ಲಿ ತನ್ನ ಕಲ್ಲು, ಇನ್ನೊಂದು ಕೈಯಲ್ಲಿ ಅದು. ತಾಯಿಯನ್ನು ಬಿಟ್ಟರೆ, ಸುತ್ತಿನಲ್ಲಿ ಒಬ್ಬರ ಕೈಗೆ ಎರಡು ಕಲ್ಲು ಬಂದದ್ದು ಅದೇ ಮೊದಲು. ಅವನು ಎರಡನ್ನೂ ತೂಗಿ ನೋಡಿದ. ಸಮವಾಗಿದ್ದವು.

ಕೂಗುವವನ ದನಿ ಬಂತು. ಹೊಗೆ ಕುಡಿದು ಕಟ್ಟಿದ್ದರೂ ಅದೇ ದನಿ. "ಗಾಬರಿ ಬೇಡ! ಮನೆ ಮತ್ತೆ ಕಟ್ಟೋಣ. ಎತ್ತೋರನ್ನ ಹಿಡಿದು ತರೋಣ. ಅಲ್ಲೀವರೆಗೂ ಸುತ್ತು ಕಡೀಬಾರದು. ಮೊದಲು ಹೊಸಿಲಿಗೊಂದು ತೆಳುಗೈ ನಿಲ್ಲಿಸ್ಬೇಕು. ಹುಡುಗಿ ಇಲ್ಲೇ ಇದಾಳಲ್ಲ. ಇನ್ನೊಂದು ಕೈ ಚೆನ್ನಾಗಿದೆಯಲ್ಲ."

ಯಾರೂ ಬೇಡ ಎನ್ನಲಿಲ್ಲ. ಒಂದಿಷ್ಟು ಜನ ಆಗಲೇ ಎಡಕ್ಕೂ ಬಲಕ್ಕೂ ಕೈ ಚಾಚಿ ಪಕ್ಕದವರನ್ನು ಹುಡುಕುತ್ತಿದ್ದರು. ಸೊಂಟದಿಂದ ಬಳೆ ತೆಗೆಯುವಾಗ ಅದು ಕೂಗುವವನ ಕೈಯಿಂದ ಜಾರಿತು. ಗಾಜು ಕಲ್ಲಿನ ಮೇಲೆ ಬಿದ್ದು, ಒಡೆಯದೆ, ಕಿಣಿಕಿಣಿ ಎಂದು ಉರುಳಿಕೊಂಡು ಹೋಯಿತು. ಅವನು ಮಂಡಿಯೂರಿ ನೆಲ ತಡವತೊಡಗಿದ.

"ಯಾರ ಕಾಲ ಹತ್ರ ಬಂತು ನೋಡ್ರೋ!"

ಮುದುಕ ಬಗ್ಗಿದ ಸದ್ದು ಕೇಳಿಸಿತು.

"ಸಿಕ್ತಾ ಮಾವ?" ಎಂದು ಯಾರೋ ಕೇಳಿದರು.

"ಸಿಕ್ತು," ಎಂದ ಮುದುಕ.

ಅವನು ಬಳೆಯನ್ನು ತನ್ನ ಕಲ್ಲಿನ ಮೇಲಿಟ್ಟು, ಚಂದ್ರ ಕೆತ್ತಿದ ಕಲ್ಲನ್ನು ಎತ್ತಿ ಅದರ ಮೇಲೆ ಹಾಕಿದ. ಚೂರಾದ ಸದ್ದು ಎಲ್ಲರಿಗೂ ಕೇಳಿಸಿತು. ಕತ್ತಲು ಹಾಗೇ ಇತ್ತು. ಬಾಣಂತಿಯ ಬೆನ್ನ ಮೇಲೆ ಕೂಸು ಅಳುತ್ತಲೇ ಇತ್ತು.